ಅಳತೆ ತಪ್ಪಿದರೆ ಬೆರಳಿಗೆ ಕುತ್ತು

ಪುಸ್ತಕದ ಕಪಾಟು, ದೇವರ ಮನೆಗೊಂದು ಮಣೆ, ಮಕ್ಕಳ ಓದಿಗೆ ಪುಟ್ಟ ಮೇಜು ಇವನ್ನೆಲ್ಲ ಹಿಂದೆ ಆಚಾರ್ರಿಗೆ ಹೇಳಿ ಮಾಡಿಸುತ್ತಿದ್ದೆವು. ಅವರು ಅಂಗಳದಲ್ಲಿ ಕುಳಿತು ಉಳಿ, ತೋಪಡ, ಗರಗಸ ಹಿಡಿದು ದಿನಗಟ್ಟಲೆ ಕೆಲಸ ಮಾಡುತ್ತಿದ್ದರು. ಈಗ ವಿದ್ಯುತ್ತಿನಿಂದ ಓಡುವ ಡ್ರಿಲ್, ಕಟ್ಟರ್, ಗ್ರೈಂಡರುಗಳು ಯಾರ ಕೈಗಾದರೂ ಸಿಗುತ್ತವೆ. ಅಂಗಡಿಗೆ ಹೋಗಬೇಕೆಂದೂ ಇಲ್ಲ, ಮನೆ ಬಾಗಿಲಿಗೇ ಬರುತ್ತವೆ. ನಿವೃತ್ತರು, ಕಚೇರಿಗೆ ಹೋಗುವವರು, ಕಾಲೇಜು ಹುಡುಗರು ಭಾನುವಾರದ ಹೊತ್ತು ಕಳೆಯಲು ಮರಗೆಲಸ ಹಿಡಿದಿದ್ದಾರೆ. ಇದು ಒಳ್ಳೆಯ ಹವ್ಯಾಸ. ಮನಸ್ಸಿಗೆ ನೆಮ್ಮದಿ, ಕೈಗೆ ಚಟುವಟಿಕೆ, ಮನೆಗೆ ಒಂದು ಸಾಮಾನು. ವೈದ್ಯನಾಗಿ ನಾನು ಇದನ್ನು ಬೇಡ ಎನ್ನುವವನಲ್ಲ.

ಆದರೆ ಈ ಹವ್ಯಾಸದ ಜೊತೆಗೆ ಗಾಯಗಳೂ ಬಂದಿವೆ. ಬೆರಳಿನ ತುದಿ ಹಾರಿದವರು, ಅಂಗೈ ಸೀಳಿಕೊಂಡವರು, ಕಣ್ಣಿಗೆ ಚಕ್ಕೆ ಬಡಿದವರು ವೈದ್ಯರ ಬಳಿಗೆ ಬರುತ್ತಾರೆ. ಇವರನ್ನು ಕೂರಿಸಿ ನಿಧಾನವಾಗಿ ಕೇಳಿದರೆ ಒಂದು ಸಂಗತಿ ಹೊರಬೀಳುತ್ತದೆ. ಹಲವರಲ್ಲಿ ತಪ್ಪು ಆರಂಭವಾದದ್ದು ಗರಗಸದ ಮುಂದೆ ಅಲ್ಲ. ಅದಕ್ಕೂ ಅರ್ಧ ಗಂಟೆ ಮೊದಲು, ಟೇಪು ಹಿಡಿದು ಅಳತೆ ಬರೆದುಕೊಂಡಾಗ.

ಅಳತೆಗೂ ಗಾಯಕ್ಕೂ ಏನು ಸಂಬಂಧ?

ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಉದಾಹರಣೆ ನೋಡಿ. ಮೊಮ್ಮಗಳ ಪುಸ್ತಕಗಳಿಗೆ ಗೋಡೆಯ ಗೂಡಿನಲ್ಲಿ ಹಲಗೆ ಕೂರಿಸಲು ಹೊರಟಿದ್ದರು. ಗೂಡಿನ ಅಗಲವನ್ನು ಮಗ 752 ಮಿಲಿಮೀಟರ್ ಎಂದು ಅಳೆದು ಕೊಟ್ಟ. ಮೇಷ್ಟ್ರ ಕೈಯಲ್ಲಿದ್ದದ್ದು ಇಂಚಿನ ಹಳೆಯ ಟೇಪು. ಲೆಕ್ಕ ಹಾಕಿದರು, 29.6 ಇಂಚು ಬಂತು. ಟೇಪಿನ ಮೇಲೆ 29 ಇಂಚು ಎಣಿಸಿ, ಮುಂದೆ ಆರು ಗೆರೆ ದಾಟಿ ಗುರುತು ಹಾಕಿದರು.

ಇಲ್ಲೇ ಎಡವಟ್ಟಾಯಿತು. ಟೇಪಿನಲ್ಲಿ ಇಂಚನ್ನು ಹತ್ತು ಭಾಗ ಮಾಡಿರುವುದಿಲ್ಲ, ಎಂಟು ಭಾಗ ಮಾಡಿರುತ್ತಾರೆ. ನಮ್ಮ ಬಡಗಿಗಳು ಆ ಎಂಟರಲ್ಲಿ ಒಂದನ್ನು ನೂಲು ಎನ್ನುತ್ತಾರೆ. ಕೆಲವರು ಸೂತ್ ಎನ್ನುವುದೂ ಉಂಟು. ಆರು ನೂಲು ಎಂದರೆ ಮುಕ್ಕಾಲು ಇಂಚು. ಹೀಗಾಗಿ ಹಲಗೆ 29.6ರ ಬದಲು 29.75 ಇಂಚು ಆಯಿತು. ಗೂಡಿಗಿಂತ ಮೂರೂವರೆ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದ.

ಮೊದಲ ಸಲ ಕತ್ತರಿಸುವಾಗ ಅವರು ಹಲಗೆಯನ್ನು ಜಿಗ್ಗಿನಲ್ಲಿ ಕೂರಿಸಿ, ಕ್ಲಾಂಪ್ ಬಿಗಿದು ಕ್ರಮವಾಗಿಯೇ ಕತ್ತರಿಸಿದ್ದರು. ಹಲಗೆ ಗೂಡಿನೊಳಗೆ ಹೋಗಲಿಲ್ಲ. ಇಷ್ಟು ಚೂರಿಗೆ ಮತ್ತೆ ಜಿಗ್ ಯಾಕೆ ಎಂದುಕೊಂಡು ಬರಿಗೈಯಲ್ಲೇ ಹಲಗೆಯ ತುದಿಯನ್ನು ಓಡುವ ಗರಗಸಕ್ಕೆ ಒಡ್ಡಿದರು. ಬೀಳಬೇಕಾದ ಚೂರು ತೀರ ಸಪೂರ, ಅದಕ್ಕೆ ಆಧಾರವಿಲ್ಲ. ಹಲಗೆ ಓರೆಯಾಯಿತು, ಗರಗಸ ಅದನ್ನು ಕಚ್ಚಿ ಎಸೆಯಿತು, ಎಡಗೈ ಮುಂದಕ್ಕೆ ಜಾರಿತು. ತೋರುಬೆರಳ ತುದಿ ಹೋಯಿತು, ನಡುಬೆರಳಿನ ಸ್ನಾಯುರಜ್ಜು ತುಂಡಾಯಿತು.

"ಡಾಕ್ಟ್ರೇ, ದಶಮಾಂಶ ಪಾಠ ಮೂವತ್ತು ವರ್ಷ ಮಾಡಿದವನು ನಾನು" ಎಂದರು.

"ಲೆಕ್ಕ ಸರಿಯಾಗಿಯೇ ಇತ್ತು ಮೇಷ್ಟ್ರೇ, ಟೇಪಿಗೆ ದಶಮಾಂಶ ಬರುತ್ತಿರಲಿಲ್ಲ ಅಷ್ಟೆ" ಎಂದೆ.

ಶಸ್ತ್ರಚಿಕಿತ್ಸೆಯಾಗಿ, ಆರು ವಾರ ಕೈಗೆ ಆಧಾರ ಪಟ್ಟಿ ಕಟ್ಟಿ, ಆಮೇಲೆ ವ್ಯಾಯಾಮ ಮಾಡಿಸಿದರೂ ಆ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅಳತೆಯ ತಪ್ಪು ನೇರವಾಗಿ ಗಾಯ ಮಾಡುವುದಿಲ್ಲ. ಅದು ಎರಡನೆಯ ಬಾರಿ ಕತ್ತರಿಸುವಂತೆ ಮಾಡುತ್ತದೆ. ಎರಡನೆಯ ಬಾರಿ ನಾವು ಬೇಸರದಲ್ಲಿರುತ್ತೇವೆ, ಅವಸರದಲ್ಲಿರುತ್ತೇವೆ, ಮುನ್ನೆಚ್ಚರಿಕೆ ಬಿಟ್ಟಿರುತ್ತೇವೆ.

ಎರಡು ದೋಣಿಯ ಮೇಲೆ ಕಾಲು

ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂದದ್ದು 1956ರಲ್ಲಿ. ಮರುವರ್ಷ ಆಣೆ ಹೋಗಿ ನಯಾಪೈಸೆ ಬಂತು. ಸೇರು ಹೋಗಿ ಕಿಲೋ ಬಂತು. ಆದರೆ ಮರಗೆಲಸದಲ್ಲಿ ಇಂಚು, ಅಡಿ ಇನ್ನೂ ಹೋಗಿಲ್ಲ. ಪ್ಲೈವುಡ್ ಅಂಗಡಿಯಲ್ಲಿ ಹಾಳೆಯ ಉದ್ದಗಲವನ್ನು 8 ಅಡಿ, 4 ಅಡಿ ಎನ್ನುತ್ತಾರೆ. ಅದೇ ಹಾಳೆಯ ದಪ್ಪವನ್ನು 6, 12, 18 ಮಿಲಿಮೀಟರ್ ಎನ್ನುತ್ತಾರೆ. ಮೊಳೆ, ಸ್ಕ್ರೂ ಇಂಚಿನಲ್ಲಿ. ಡ್ರಿಲ್ಲಿನ ಬಿಟ್ಟು ಮಿಲಿಮೀಟರಿನಲ್ಲಿ. ಒಂದೇ ಪೆಟ್ಟಿಗೆ ಮಾಡುವಾಗ ಎರಡೂ ಬೇಕಾಗುತ್ತವೆ.

ಒಂದು ಇಂಚಿಗೆ 25.4 ಮಿಲಿಮೀಟರ್, ಒಂದು ನೂಲಿಗೆ 3.2 ಮಿಲಿಮೀಟರಿಗೆ ಒಂದಿಷ್ಟು ಕಡಿಮೆ, ಒಂದು ಅಡಿಗೆ 304.8 ಮಿಲಿಮೀಟರ್. ಇವು ಮೂರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಮುಕ್ಕಾಲು ಇಂಚು ಎಂದರೆ 19 ಮಿಲಿಮೀಟರ್, 18 ಅಲ್ಲ. ಅರ್ಧ ಇಂಚು ಎಂದರೆ 12.7, 12 ಅಲ್ಲ. ಒಂದು ಹಲಗೆಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಕ್ಕಾಲು ಇಂಚಿನ ಮೂರು ಹಲಗೆ ಎಂದು ಬರೆದ ನಕ್ಷೆಗೆ 18 ಮಿಲಿಮೀಟರಿನ ಮೂರು ಹಲಗೆ ಜೋಡಿಸಿದರೆ ಮೂರು ಮಿಲಿಮೀಟರ್ ಕಡಿಮೆಯಾಗುತ್ತದೆ. ಅಮೆರಿಕದವರ ವಿಡಿಯೋ ನೋಡಿ ಜಿಗ್ ಮಾಡುವವರು ಇದನ್ನು ನೆನಪಿಡಬೇಕು. ಅಲ್ಲಿಯ ಅಳತೆಗಳೆಲ್ಲ ಇಂಚಿನವು.

ಚುಕ್ಕಿ ಇಡುವಾಗಲೂ ಜಾಗ್ರತೆ ಬೇಕು. ಎತ್ತರ ಎಷ್ಟು ಎಂದು ಕೇಳಿದರೆ ರೋಗಿಗಳು 5.6 ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಐದು ಅಡಿ ಆರು ಇಂಚು. ಕ್ಯಾಲ್ಕುಲೇಟರು ಅದನ್ನು ಐದು ಅಡಿ ಏಳು ಇಂಚಿಗೂ ತುಸು ಹೆಚ್ಚು ಎಂದು ತಿಳಿಯುತ್ತದೆ. ವ್ಯತ್ಯಾಸ ಮೂರು ಸೆಂಟಿಮೀಟರ್. ಬಾಗಿಲಿನ ಚೌಕಟ್ಟಿಗೆ ಮೂರು ಸೆಂಟಿಮೀಟರ್ ತಪ್ಪಿದರೆ ಮರವೇ ದಂಡ.

ಇಂಥ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. 1983ರಲ್ಲಿ ಕೆನಡಾದ ವಿಮಾನವೊಂದಕ್ಕೆ ಇಂಧನ ತುಂಬುವಾಗ ಪೌಂಡು, ಕಿಲೋ ಅದಲುಬದಲಾಗಿ ಆಕಾಶದಲ್ಲೇ ಇಂಧನ ಮುಗಿಯಿತು. ಪೈಲಟ್ಟಿನ ಚಾಣಾಕ್ಷತನದಿಂದ ಪ್ರಯಾಣಿಕರು ಉಳಿದರು. 1999ರಲ್ಲಿ ಅಮೆರಿಕದ ಮಂಗಳ ಗ್ರಹದ ನೌಕೆಯೊಂದು ಇದೇ ಬಗೆಯ ತಪ್ಪಿನಿಂದ ನಾಶವಾಯಿತು. ನಮ್ಮ ವೈದ್ಯಕೀಯದಲ್ಲೂ ಇದೆ. ಪ್ರತಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್‌ಗೆ ಒಂದು ಸಿರಿಂಜು, 100 ಯೂನಿಟ್ಟಿನದಕ್ಕೆ ಬೇರೆ ಸಿರಿಂಜು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 20ನೇ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್! ಅದಕ್ಕೇ ವೈದ್ಯರು ಬಾಟಲಿ ಮತ್ತು ಸಿರಿಂಜು ಒಂದೇ ಜಾತಿಯವೇ ಎಂದು ನೋಡಿಕೊಳ್ಳಲು ಹೇಳುವುದು. ಮರಗೆಲಸಕ್ಕೂ ಅದೇ ಮಾತು ಸಲ್ಲುತ್ತದೆ.

ಅಳೆಯುವ ಕ್ರಮ

ಒಂದು ಕೆಲಸಕ್ಕೆ ಒಂದೇ ಪದ್ಧತಿ, ಒಂದೇ ಟೇಪು ಇರಲಿ. ನನ್ನನ್ನು ಕೇಳಿದರೆ ಎಲ್ಲವನ್ನೂ ಮಿಲಿಮೀಟರಿನಲ್ಲೇ ಬರೆಯಿರಿ. ಅದರಲ್ಲಿ ಚುಕ್ಕಿಯೂ ಇಲ್ಲ, ಭಿನ್ನರಾಶಿಯೂ ಇಲ್ಲ. ಅಳತೆಯ ಮುಂದೆ ಮಿ.ಮೀ. ಎಂದು ಬರೆಯುವುದನ್ನು ಮರೆಯಬೇಡಿ. ಬರಿಯ ಅಂಕಿ ಬರೆದಿಟ್ಟರೆ ಮರುದಿನ ನಿಮಗೇ ಅದು ಏನೆಂದು ತಿಳಿಯದು. ಇಂಚಿನಲ್ಲೇ ಅಭ್ಯಾಸವಿದ್ದವರು 29 ಇಂಚು 6 ನೂಲು ಎಂದು ಬಿಡಿಸಿ ಬರೆಯಲಿ.

ಟೇಪಿನ ತುದಿಯಲ್ಲಿರುವ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಅದು ಕೆಟ್ಟಿದೆ ಎಂದು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರಿದ್ದಾರೆ. ಹಾಗೆ ಮಾಡಬಾರದು. ಹೊರಗಿನಿಂದ ಸಿಕ್ಕಿಸಿ ಎಳೆದಾಗಲೂ ಒಳಗಿನಿಂದ ಒತ್ತಿದಾಗಲೂ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಸರಿಹೋಗಲೆಂದೇ ಅದನ್ನು ಸಡಿಲ ಇಟ್ಟಿರುತ್ತಾರೆ. ಕೊಕ್ಕೆ ಸವೆದಿದ್ದರೆ ಒಂದು ಇಂಚು ಬಿಟ್ಟು ಅಳೆಯುವ ಪದ್ಧತಿಯೂ ಇದೆ. ಆ ಇಂಚನ್ನು ಕಳೆಯಲು ಮರೆತು ಹಲಗೆ ಹಾಳು ಮಾಡುವವರೇ ಹೆಚ್ಚು.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಈ ವಯಸ್ಸಿನಲ್ಲಿ ಹತ್ತಿರದ ಸಣ್ಣ ಗೆರೆಗಳು ಮಸುಕಾಗುವುದು ಸಹಜ. ಇದು ಕಾಯಿಲೆಯಲ್ಲ, ಕಣ್ಣಿನೊಳಗಿನ ಮಸೂರ ಗಡುಸಾಗುವುದರ ಫಲ. ಓದುವ ಕನ್ನಡಕ ಹಾಕಿಕೊಂಡೇ ಅಳೆಯಿರಿ. ಗುರುತಿನ ನೇರ ಮೇಲಿನಿಂದ ನೋಡಿ. ಓರೆಯಾಗಿ ನೋಡಿದರೆ ಒಂದು ಗೆರೆ ಆಚೀಚೆ ಆಗುತ್ತದೆ. ಬೆಳಕು ಸಾಕಷ್ಟಿರಲಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಏರಿಳಿದಾಗ ದೃಷ್ಟಿಯೂ ಏರುಪೇರಾಗಬಹುದು. ಅಂಥ ದಿನ ಗರಗಸದ ಕೆಲಸ ಬೇಡ.

ಎಲ್ಲಕ್ಕಿಂತ ಸುಲಭದ ಉಪಾಯ ನಮ್ಮ ಆಚಾರ್ರದು. ಒಂದು ತೆಳು ಪಟ್ಟಿಯನ್ನು ಗೂಡಿನೊಳಗೆ ಹಿಡಿದು ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಪಟ್ಟಿಯನ್ನು ಹಲಗೆಯ ಮೇಲಿಟ್ಟು ಗೆರೆ ಎಳೆಯುತ್ತಾರೆ. ಅಂಕಿಯೇ ಇಲ್ಲ, ತಪ್ಪಲು ಏನೂ ಉಳಿಯುವುದಿಲ್ಲ. ಗೆರೆಯ ಯಾವ ಪಕ್ಕ ಗರಗಸ ಹೋಗಬೇಕು ಎಂದು ಒಂದು ಕತ್ತರಿ ಗುರುತು ಹಾಕಿಕೊಳ್ಳಿ. ಗರಗಸವೂ ತನ್ನ ದಪ್ಪದಷ್ಟು ಮರ ತಿನ್ನುತ್ತದೆ.

ಜಿಗ್ ಎಂದರೇನು? ಅದು ಯಾವಾಗ ಕೈ ಕೊಡುತ್ತದೆ?

ಮರವನ್ನು ಅಲ್ಲಾಡದಂತೆ ಹಿಡಿದು, ಗರಗಸಕ್ಕೋ ಡ್ರಿಲ್ಲಿಗೋ ದಾರಿ ತೋರಿಸುವ ಸಾಧನವೇ ಜಿಗ್. ಒಂದೇ ಅಳತೆಯ ಹತ್ತು ತುಂಡು ಬೇಕಾದಾಗ ಹತ್ತು ಸಲ ಅಳೆಯುವ ಕಷ್ಟ ತಪ್ಪುತ್ತದೆ. ಕೈ ಅಲಗಿನಿಂದ ದೂರ ಉಳಿಯುತ್ತದೆ. ಹೀಗಾಗಿ ಜಿಗ್ ರಕ್ಷಣೆಯ ವಸ್ತು. ಆದರೆ ಮನೆಯಲ್ಲಿ ಅರೆಬರೆ ಮಾಡಿದ ಜಿಗ್ ರಕ್ಷಣೆಯ ಭ್ರಮೆಯನ್ನಷ್ಟೇ ಕೊಡುತ್ತದೆ. ಅದು ಕೈ ಕೊಡುವ ಬಗೆಗಳು ಹೀಗಿವೆ.

ಮೊದಲನೆಯದು, ಸಡಿಲ. ಮೇಜು ಗರಗಸದ ಜಾಡಿನ ಅಗಲ ಹಲವು ಯಂತ್ರಗಳಲ್ಲಿ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್. ಅದರಲ್ಲಿ ಓಡಲು 18 ಮಿಲಿಮೀಟರಿನ ಪ್ಲೈವುಡ್ ಪಟ್ಟಿ ಹಾಕಿದರೆ ಒಂದು ಮಿಲಿಮೀಟರ್ ಅಲ್ಲಾಟ ಉಳಿಯಿತು. ಕತ್ತರಿಸುವಾಗ ಜಿಗ್ ಓರೆಯಾಗಿ ಮರ ಅಲಗಿಗೆ ಸಿಕ್ಕಿಕೊಳ್ಳುತ್ತದೆ. ತೀರ ಬಿಗಿಯಾದರೂ ಕಷ್ಟವೇ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಜಿಗ್ ಓಡುವುದಿಲ್ಲ, ಬಲವಾಗಿ ತಳ್ಳುತ್ತೀರಿ, ತಟ್ಟನೆ ಬಿಟ್ಟುಕೊಂಡಾಗ ಕೈ ಮುಂದೆ ಹೋಗುತ್ತದೆ. ಜಾಡನ್ನೂ ಪಟ್ಟಿಯನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಹೊಂದಿಸಿ. ಪ್ಲೈವುಡ್ಡಿನ ಮೇಲೆ ಮುದ್ರಿಸಿದ ದಪ್ಪವನ್ನೇ ನಂಬಬೇಡಿ.

ಎರಡನೆಯದು, ಅಲಗಿನ ದಾರಿಯಲ್ಲಿ ಸ್ಕ್ರೂ. ಅಲಗು ತಗ್ಗಿನಲ್ಲಿದ್ದಾಗ ತಾಗದ ಸ್ಕ್ರೂ, ದಪ್ಪ ಮರಕ್ಕಾಗಿ ಅಲಗು ಎತ್ತಿದಾಗ ತಾಗುತ್ತದೆ. ಅಲಗಿನ ಹಲ್ಲು ಮುರಿದು ಮುಖಕ್ಕೆ ಹಾರುತ್ತದೆ. ಅಲಗು ಹಾಯುವ ಜಾಗದ ಆಸುಪಾಸಿನಲ್ಲಿ ಅಂಟು ಮಾತ್ರ ಇರಲಿ, ಲೋಹ ಬೇಡ.

ಮೂರನೆಯದು, ಅಲಗು ಹೊರಬರುವ ಜಾಗ. ಮರ ಕತ್ತರಿಸಿ ಮುಗಿದ ಮೇಲೆ ಅಲಗು ಜಿಗ್ಗಿನ ಹಿಂಬದಿಯಿಂದ ನಿಮ್ಮ ಕಡೆಗೇ ಬರುತ್ತದೆ. ಅಲ್ಲೇ ಹೆಬ್ಬೆರಳಿಟ್ಟು ತಳ್ಳುವವರು ಬಹಳ. ಕೈಯ ಕೆಲಸದಲ್ಲಿ ಹೆಬ್ಬೆರಳೊಂದರ ಪಾಲೇ ನೂರಕ್ಕೆ ಸುಮಾರು ನಲವತ್ತು ಎಂದು ತಜ್ಞರ ಲೆಕ್ಕ. ಅಲ್ಲಿ ದಪ್ಪನೆಯ ಮರದ ದಿಮ್ಮಿ ಅಂಟಿಸಿ, ಕೆಂಪು ಬಣ್ಣ ಬಳಿಯಿರಿ. ಕೈ ಹಿಡಿಯಲು ಬೇರೆ ಕಡೆ ಹಿಡಿಕೆ ಕೂರಿಸಿ.

ನಾಲ್ಕನೆಯದು, ಸಿಕ್ಕಿಬಿದ್ದ ತುಂಡು. ಉದ್ದ ಸರಿಯಾಗಿ ಬರಲೆಂದು ಒಂದು ತಡೆ ಇಡುತ್ತೇವಷ್ಟೆ. ಕತ್ತರಿಸಿ ಬೀಳುವ ಬಿಡಿ ತುಂಡು ಆ ತಡೆಗೂ ಅಲಗಿಗೂ ನಡುವೆ ಸಿಕ್ಕಿದರೆ ಬಾಣದಂತೆ ಹಾರುತ್ತದೆ. ಬೀಳುವ ತುಂಡಿಗೆ ಸದಾ ಬಯಲು ಇರಬೇಕು. ನಿಮ್ಮ ದೇಹವೂ ಅಲಗಿನ ನೇರದಲ್ಲಿರದೆ ಪಕ್ಕದಲ್ಲಿರಲಿ.

ಐದನೆಯದು, ಕ್ಲಾಂಪ್ ಹಾಕದೆ ಕೈಯಲ್ಲೇ ಅಮುಕಿ ಹಿಡಿಯುವುದು. ಡ್ರಿಲ್ ಮಾಡುವಾಗ ಬಿಟ್ಟು ಮರದಲ್ಲಿ ಸಿಕ್ಕಿಕೊಂಡರೆ ಮರವೇ ಗಿರ್ರನೆ ತಿರುಗಿ ಮಣಿಕಟ್ಟಿಗೆ ಬಡಿಯುತ್ತದೆ. ಒಂದು ಗೇಣಿಗಿಂತ ಚಿಕ್ಕ ತುಂಡನ್ನು ಯಂತ್ರಕ್ಕೆ ಕೈಯಿಂದ ಕೊಡಲೇಬೇಡಿ. ಉದ್ದನೆಯ ಹಲಗೆಯಲ್ಲೇ ಕೆಲಸ ಮುಗಿಸಿ ಕೊನೆಗೆ ತುಂಡು ಮಾಡಿ, ಇಲ್ಲವೆ ಕೈಗರಗಸ ಹಿಡಿಯಿರಿ. ಎರಡು ಮೂರು ಮಿಲಿಮೀಟರ್ ತೆಗೆಯಬೇಕಾದರೆ ಮರವನ್ನು ವೈಸಿಗೆ ಕಚ್ಚಿಸಿ ತೋಪಡ ಅಥವಾ ಉಜ್ಜುಕಾಗದ ಬಳಸಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಹೊಸ ಜಿಗ್ ಮಾಡಿದಾಗ ಪ್ಲಗ್ಗು ಕಿತ್ತಿಟ್ಟು, ಯಂತ್ರ ಓಡಿಸದೆಯೇ ಮೊದಲಿನಿಂದ ಕೊನೆಯವರೆಗೆ ಒಮ್ಮೆ ತಳ್ಳಿ ನೋಡಿ. ಕೈ ಎಲ್ಲಿರುತ್ತದೆ, ತುಂಡು ಎಲ್ಲಿ ಬೀಳುತ್ತದೆ ಎಂಬುದು ಆಗಲೇ ತಿಳಿದುಹೋಗುತ್ತದೆ.

ಮಾಡಲೇಬಾರದ ಮೂರು ಕೆಲಸ

ಕಲ್ಲು, ಟೈಲ್ಸ್ ಕತ್ತರಿಸುವ ಮಾರ್ಬಲ್ ಕಟ್ಟರಿಗೆ ಮರದ ಹಲ್ಲಿನ ಅಲಗು ಹಾಕಿ, ಅದನ್ನು ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು ಗರಗಸ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಹರಡಿದೆ. ಈ ಯಂತ್ರ ನಿಮಿಷಕ್ಕೆ 12,000 ಸುತ್ತಿನಷ್ಟು ವೇಗದಲ್ಲಿ ತಿರುಗುತ್ತದೆ. 110 ಮಿಲಿಮೀಟರ್ ಅಲಗಿನ ಅಂಚಿನ ವೇಗ ಆಗ ಗಂಟೆಗೆ ಸುಮಾರು 250 ಕಿಲೋಮೀಟರ್. ಅಪಾಯ ಕಂಡು ಕೈ ಹಿಂದಕ್ಕೆ ತೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಅಲಗು ನಲವತ್ತು ಸುತ್ತು ಸುತ್ತಿರುತ್ತದೆ. ಮೇಜು ಗರಗಸವೆಂದೇ ತಯಾರಾದ ಯಂತ್ರದಲ್ಲಿ ಅಲಗಿನ ಹಿಂದೆ ಮರ ಮುಚ್ಚಿಕೊಳ್ಳದಂತೆ ತಡೆಯುವ ತಗಡು, ಮೇಲೆ ಮುಚ್ಚಳ, ಥಟ್ಟನೆ ನಿಲ್ಲಿಸುವ ಗುಂಡಿ ಇರುತ್ತವೆ. ಈ ತಲೆಕೆಳಗಿನ ಕಟ್ಟರಿನಲ್ಲಿ ಇವೊಂದೂ ಇರುವುದಿಲ್ಲ.

ಎರಡನೆಯದು, ಆ್ಯಂಗಲ್ ಗ್ರೈಂಡರಿಗೆ ಮರದ ಹಲ್ಲಿನ ಅಲಗು ಹಾಕುವುದು ಅಥವಾ ಮುಚ್ಚಳ ಕಿತ್ತು 4 ಇಂಚಿನ ಯಂತ್ರಕ್ಕೆ 5 ಇಂಚಿನ ಚಕ್ರ ಹಾಕುವುದು. ಚಕ್ರ ಕಾಲು ಭಾಗ ದೊಡ್ಡದಾದರೆ ಅಂಚಿನ ವೇಗವೂ ಕಾಲು ಭಾಗ ಹೆಚ್ಚುತ್ತದೆ. ಪ್ರತಿ ಚಕ್ರದ ಮೇಲೆ ಅದು ತಡೆಯುವ ಗರಿಷ್ಠ ವೇಗವನ್ನು ಮುದ್ರಿಸಿರುತ್ತಾರೆ. ಯಂತ್ರದ ವೇಗ ಅದಕ್ಕಿಂತ ಹೆಚ್ಚಿದ್ದರೆ ಚಕ್ರ ಸಿಡಿಯಬಹುದು.

ಮೂರನೆಯದು ಅಷ್ಟಾಗಿ ಯಾರಿಗೂ ತಿಳಿಯದ ಅಪಾಯ. ಅಂಚು ಕೊರೆಯುವ ರೌಟರ್, ಟ್ರಿಮ್ಮರುಗಳ ಬಿಟ್ಟಿನ ಕಾಂಡ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತದೆ. ಒಂದು ಕಾಲು ಇಂಚಿನದು, ಅಂದರೆ 6.35 ಮಿಲಿಮೀಟರ್. ಇನ್ನೊಂದು 6 ಮಿಲಿಮೀಟರಿನದು. ಕಣ್ಣಿಗೆ ಎರಡೂ ಒಂದೇ. ಕಾಲು ಇಂಚಿನ ಹಿಡಿಯೊಳಗೆ 6 ಮಿಲಿಮೀಟರಿನ ಕಾಂಡ ಹಾಕಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಹಿಡಿತವಿರುವುದಿಲ್ಲ. ನಿಮಿಷಕ್ಕೆ 30,000 ಸುತ್ತಿನವರೆಗೂ ಓಡುವ ಯಂತ್ರದಿಂದ ಆ ಬಿಟ್ಟು ಕಳಚಿ ಹಾರಿದರೆ ಎಲ್ಲಿಗೆ ನಾಟುತ್ತದೆ ಎಂದು ಹೇಳಲಾಗದು. ಮೂರನೇ ಒಂದು ಮಿಲಿಮೀಟರ್ ವ್ಯತ್ಯಾಸದ ಬೆಲೆ ಇದು. ಬಿಟ್ಟು ಕೊಳ್ಳುವಾಗ ಕಾಂಡದ ಅಳತೆ ಕೇಳಿ ಕೊಳ್ಳಿ. ಎರಡು ಜಾತಿಯವನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ.

ತಿರುಗುವ ಯಂತ್ರದ ಮುಂದೆ ಬಟ್ಟೆಯ ಕೈಗವಸು ಬೇಡ. ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉಂಗುರ, ಬಳೆ, ಕೈಗೆ ಕಟ್ಟಿದ ದಾರ, ಇಳಿಬಿಟ್ಟ ದುಪಟ್ಟಾ, ಪಂಚೆಯ ಚುಂಗು ಇವೂ ಬೇಡ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಅವನ್ನು ನುಂಗಿದ ದಿನ, ಮದ್ಯ ಸೇವಿಸಿದ ದಿನ ಯಂತ್ರ ಮುಟ್ಟಬಾರದು.

ಕೈ ಕೊಯ್ದುಕೊಂಡರೆ

ಮೊದಲು ಯಂತ್ರದ ಪ್ಲಗ್ಗು ಕಿತ್ತು ಕುಳಿತುಕೊಳ್ಳಿ. ಶುದ್ಧವಾದ ಬಟ್ಟೆಯನ್ನು ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಕನಿಷ್ಠ ಹತ್ತು ನಿಮಿಷ ಒತ್ತಡ ಬಿಡಬೇಡಿ. ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದು ಇಡಿ. ಉಂಗುರವಿದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಕಾಫಿ ಪುಡಿ, ಸುಣ್ಣ, ಅರಿಶಿನ, ಸೀಮೆಎಣ್ಣೆ ಯಾವುದನ್ನೂ ಹಾಕಬೇಡಿ. ಶಸ್ತ್ರವೈದ್ಯರು ಅದನ್ನು ತೊಳೆದು ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ಬೆರಳಿಗೆ ದಾರವನ್ನೋ ರಬ್ಬರನ್ನೋ ಬಿಗಿಯಾಗಿ ಕಟ್ಟುವುದೂ ತಪ್ಪು. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲಲು ಹೆಚ್ಚು ಹೊತ್ತು ಬೇಕು. ಅದನ್ನು ವೈದ್ಯರಿಗೆ ತಿಳಿಸಿ.

ರಕ್ತ ನಿಂತ ಮೇಲೆ ಎರಡು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಪ್ರತಿ ಬೆರಳಿನ ಪ್ರತಿ ಗೆಣ್ಣನ್ನೂ ಮಡಚಲು, ನೀಡಲು ಬರುತ್ತದೆಯೇ ನೋಡಿ. ಬರದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು. ಬೆರಳ ತುದಿಯ ಎರಡೂ ಪಕ್ಕ ಮುಟ್ಟಿದ್ದು ತಿಳಿಯುತ್ತದೆಯೇ ನೋಡಿ. ಒಂದು ಪಕ್ಕ ಜೋಮು ಹಿಡಿದಿದ್ದರೆ ನರ ಕತ್ತರಿಸಿರಬಹುದು. ಅಂಗೈಯಲ್ಲಿ ಉಳಿ ನಾಟಿದ ಒಂದು ಸೆಂಟಿಮೀಟರ್ ಗಾಯವೂ ಒಳಗೆ ಇಂಥ ಹಾನಿ ಮಾಡಿರುತ್ತದೆ. ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾದರೆ ಬೆರಳು ಶಾಶ್ವತವಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಪರೀಕ್ಷೆಯಲ್ಲಿ ಎಲ್ಲ ಸರಿ ಕಂಡರೂ ಆಳದ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು.

ಧನುರ್ವಾಯುವಿನ ಚುಚ್ಚುಮದ್ದು ಪ್ರತಿ ಗಾಯಕ್ಕೂ ಬೇಕೆಂದಿಲ್ಲ. ಬಾಲ್ಯದ ಚುಚ್ಚುಮದ್ದುಗಳೆಲ್ಲ ಪೂರ್ಣವಾಗಿದ್ದು, ಗಾಯ ಸಣ್ಣದಾಗಿ ಶುದ್ಧವಾಗಿದ್ದರೆ ಹತ್ತು ವರ್ಷದೊಳಗೆ ಹಾಕಿಸಿದ್ದರೆ ಸಾಕು. ಕೊಳೆಯಾದ, ಆಳವಾದ ಗಾಯಕ್ಕೆ ಐದು ವರ್ಷದ ಲೆಕ್ಕ. ಹಿಂದೆ ಹಾಕಿಸಿದ ನೆನಪೇ ಇಲ್ಲದವರಿಗೆ ಹೆಚ್ಚಿನ ರಕ್ಷಣೆ ಬೇಕಾದೀತು. ನಮ್ಮ ದೇಶದ ಲಸಿಕೆ ಕಾರ್ಯಕ್ರಮದಲ್ಲಿ ಹಳೆಯ ಟಿ.ಟಿ. ಬದಲು 2019ರಿಂದ ಡಿಫ್ತೀರಿಯಾದಿಂದಲೂ ರಕ್ಷಿಸುವ ಟಿ.ಡಿ. ಲಸಿಕೆ ಬಂದಿದೆ. ಹಾಕಿಸಿದ ದಿನಾಂಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೆರಳು ತುಂಡಾದರೆ

ಬೆರಳು ಪೂರ್ತಿ ತುಂಡಾದರೂ ಆಸೆ ಬಿಡಬೇಕಿಲ್ಲ. 1965ರಲ್ಲಿ ಜಪಾನಿನ ವೈದ್ಯರಾದ ಕೊಮಾಟ್ಸು ಮತ್ತು ತಮಾಯ್ ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ರಕ್ತನಾಳ ಹೊಲಿದು ಮರಳಿ ಜೋಡಿಸಿದರು. ಇಂದು ನಮ್ಮ ದೊಡ್ಡ ಊರುಗಳ ಆಸ್ಪತ್ರೆಗಳಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಆದರೆ ಬೆರಳನ್ನು ಅಲ್ಲಿಯವರೆಗೆ ಕೆಡದಂತೆ ಒಯ್ಯುವುದು ಮನೆಯವರ ಕೈಯಲ್ಲಿದೆ.

ತುಂಡಾದ ಬೆರಳಿನ ಮೇಲೆ ಹೊಟ್ಟು, ಮಣ್ಣು ಇದ್ದರೆ ಶುದ್ಧ ನೀರಿನಿಂದ ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು ನೀರು ಹೋಗದಂತೆ ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಬೆರೆಸಿದ ಪಾತ್ರೆಯಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಫ್ರೀಜರಿನಲ್ಲಿಡುವುದು, ಹಾಲಿನಲ್ಲೋ ಸ್ಪಿರಿಟ್ಟಿನಲ್ಲೋ ಮುಳುಗಿಸುವುದು ಕೂಡದು.

ತಂಪಾಗಿಟ್ಟ ಬೆರಳು 24 ಗಂಟೆಯವರೆಗೂ, ಹಾಗೆಯೇ ಬಿಟ್ಟದ್ದು 12 ಗಂಟೆಯವರೆಗೂ ಜೋಡಣೆಗೆ ಯೋಗ್ಯವಾಗಿ ಉಳಿಯಬಹುದು. ಅಂಗೈ, ಮುಂಗೈಯಂತೆ ಮಾಂಸಖಂಡ ಇರುವ ಭಾಗಕ್ಕೆ ಇದರ ಅರ್ಧದಷ್ಟೇ ಅವಧಿ. ಬೇಗ ಹೋದಷ್ಟೂ ಒಳ್ಳೆಯದು. 108ಕ್ಕೆ ಕರೆ ಮಾಡಿ. ಸೂಕ್ಷ್ಮ ರಕ್ತನಾಳ ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆ ಯಾವುದೆಂದು ಫೋನಿನಲ್ಲೇ ವಿಚಾರಿಸಿ ನೇರ ಅಲ್ಲಿಗೇ ಒಯ್ಯಿರಿ. ಗಾಯಾಳುವಿಗೆ ಕಾಫಿ, ತಿಂಡಿ ಏನನ್ನೂ ಕೊಡಬೇಡಿ, ಅರಿವಳಿಕೆ ಕೊಡಬೇಕಾಗುತ್ತದೆ. ಚರ್ಮದ ಎಳೆಯಲ್ಲಿ ನೇತಾಡುವ ಬೆರಳನ್ನು ಎಂದೂ ಕತ್ತರಿಸಿ ಬೇರ್ಪಡಿಸಬಾರದು.

ಚೂರು, ಕಣ್ಣು, ಹೊಟ್ಟು

ಮರದ ಸಿಬಿರು ಚುಚ್ಚಿದರೆ ಸಾಬೂನಿನಿಂದ ತೊಳೆದು, ಚಿಮುಟದಿಂದ ಅದು ಹೊಕ್ಕ ದಿಕ್ಕಿನಲ್ಲೇ ಎಳೆಯಿರಿ. ನೀರಿನಲ್ಲಿ ನೆನೆಸಿದರೆ ಸಿಬಿರು ಉಬ್ಬಿ ಮುರಿಯುತ್ತದೆ. ಮರ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದರೂ ನೋವು, ಕೀವು ನಿಲ್ಲದಿದ್ದರೆ ಒಳಗೆ ಚೂರು ಉಳಿದಿರಬಹುದು, ಅಲ್ಟ್ರಾಸೌಂಡ್ ಮಾಡಿಸಬೇಕಾದೀತು.

ಕಣ್ಣಿಗೆ ಹೊಟ್ಟು ಬಿದ್ದರೆ ಉಜ್ಜದೆ ನೀರಿನಿಂದ ತೊಳೆಯಿರಿ. ವೇಗವಾಗಿ ಹಾರಿದ ಚಕ್ಕೆಯೋ ಲೋಹದ ಚೂರೋ ನಾಟಿದ್ದರೆ ಕೀಳಲು ಹೋಗಬೇಡಿ. ಕಣ್ಣನ್ನು ಒತ್ತದಂತೆ ಮೇಲೊಂದು ಕಾಗದದ ಲೋಟ ಕವುಚಿ ಅಂಟಿಸಿ ಕಣ್ಣಿನ ಆಸ್ಪತ್ರೆಗೆ ಹೋಗಿ. ಸುರಕ್ಷಾ ಕನ್ನಡಕ ಹಾಕಿಕೊಂಡಿದ್ದರೆ ಈ ಪ್ರಸಂಗವೇ ಬರುವುದಿಲ್ಲ.

ಮರದ ಹೊಟ್ಟು ಮೂಗಿನ ಒಳಭಾಗದ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಸಾರಿದೆ. ವರ್ಷಗಟ್ಟಲೆ ಅದರಲ್ಲೇ ದುಡಿಯುವವರಿಗೆ ಈ ಭಯ ಹೆಚ್ಚು. ಭಾನುವಾರದ ಬಡಗಿಗೆ ಕಡಿಮೆ. ಆದರೆ ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಒಂದು ದಿನದ ಹೊಟ್ಟೂ ಸಾಕು. ತೇಗ, ಬೀಟೆಯ ಹೊಟ್ಟಿನಿಂದ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಎನ್-95 ಮುಖಗವಸು ಧರಿಸಿ, ಕೆಲಸವನ್ನು ಬಯಲಿನಲ್ಲಿ ಮಾಡಿ, ಹೊಟ್ಟನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.

ಗೋಡೆಯ ಮೇಲೆ ಅಂಟಿಸಿಡಲು

• ಒಂದು ಕೆಲಸಕ್ಕೆ ಒಂದೇ ಟೇಪು, ಒಂದೇ ಪದ್ಧತಿ. ಅಂಕಿಯ ಮುಂದೆ ಇಂಚೋ ಮಿಲಿಮೀಟರೋ ಬರೆಯಿರಿ.
• ಎರಡು ಸಲ ಅಳೆದು, ಸಾಧ್ಯವಾದರೆ ಮನೆಯ ಇನ್ನೊಬ್ಬರಿಂದ ಒಮ್ಮೆ ಓದಿಸಿ, ಆಮೇಲೆ ಕತ್ತರಿಸಿ.
• ಬಿಟ್ಟು, ಚಕ್ರ, ಅಲಗು ಬದಲಿಸುವಾಗ ಪ್ಲಗ್ಗು ಕಿತ್ತಿರಲಿ. ಕಾಂಡದ ಅಳತೆ, ಚಕ್ರದ ವೇಗ ಓದಿ ನೋಡಿ.
• ಜಿಗ್ಗಿಗೆ ಕ್ಲಾಂಪ್ ಇರಲಿ, ಮರಕ್ಕೂ ಕ್ಲಾಂಪ್ ಇರಲಿ, ಕೈ ದೂರವಿರಲಿ.
• ಸ್ವಲ್ಪವೇ ಉದ್ದವಾದ ಹಲಗೆಯನ್ನು ಬರಿಗೈಯಲ್ಲಿ ಗರಗಸಕ್ಕೆ ಒಡ್ಡಬೇಡಿ.
• ಯಂತ್ರ ಓಡುವಾಗ ಮಕ್ಕಳು ಹತ್ತಿರ ಇರಬಾರದು, ಯಾರೂ ಮಾತನಾಡಿಸಬಾರದು. ಆದರೆ ಮನೆಯಲ್ಲಿ ದೊಡ್ಡವರೊಬ್ಬರು ಇದ್ದಾಗಲೇ ಕೆಲಸ ಮಾಡಿ.
• ಶುದ್ಧ ಬಟ್ಟೆ, ಪಟ್ಟಿ, ಪ್ಲಾಸ್ಟಿಕ್ ಚೀಲ ಇರುವ ಡಬ್ಬಿ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆ ಕೈಗೆ ಸಿಗುವಂತಿರಲಿ.

ಅಳತೆ ತಪ್ಪಿ ಹಾಳಾದ ಹಲಗೆಗೆ ಕೆಲವು ನೂರು ರೂಪಾಯಿ. ಅದನ್ನು ಬದಿಗಿಟ್ಟು ಹೊಸ ಹಲಗೆ ತಂದುಕೊಳ್ಳಿ. ಬೆರಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.